ಅಟ್ಟದ ಮೂಲೆಯ ಹಳದಿ ಗಂಟು

ನನ್ನ ಬಾಯಿ ಜೋರು. ಬೇರೆಯವರು ಹೇಳಿ ನಿಮಗೆ ಗೊತ್ತಾಗೋದಕ್ಕಿಂತ ನಾನೇ ಹೇಳಿಬಿಡೋದು ವಾಸಿ. ನಾನು ಹಿತ್ತಲಲ್ಲಿ ನಿಂತು ನಮ್ಮ ಹಸುವಿಗೆ ಬೈದರೆ ಮೂರನೇ ಮನೆಯವರು ಹೆದರಿ ತಮ್ಮ ಹಸು ಹಿಡಿದುಕೊಂಡು ಹೋಗ್ತಾರೆ ಅಂತ ನಮ್ಮ ಯಜಮಾನರು ನೆಂಟರಿಷ್ಟರ ಮುಂದೆಲ್ಲ ಆಡಿಕೊಳ್ತಾರೆ. ಆಡಿಕೊಳ್ಳಲಿ. ಅವರು ಮಾತಾಡಬೇಕಾದ ಕಡೆ ಮಾತಾಡಿದ್ದರೆ ನಾನ್ಯಾಕೆ ಗಂಟಲು ಹರಕೊಳ್ತಿದ್ದೆ?

ನಮ್ಮೂರು ಕಿಬ್ಬನಹಳ್ಳಿಯಿಂದ ಆಟೋದಲ್ಲಿ ಹತ್ತು ನಿಮಿಷ. ಮನೆಯಲ್ಲಿ ಇರೋದು ಮೂರೇ ಜನ, ನಾನು, ಯಜಮಾನರು, ಎಂಬತ್ತು ದಾಟಿದ ನಮ್ಮತ್ತೆ. ನಾನು ಈ ಮನೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಅಷ್ಟು ವರ್ಷದಲ್ಲಿ ಅತ್ತೆ ನನಗೆ ಒಂದು ಸಲವೂ ಎದುರು ಮಾತಾಡಿಲ್ಲ. ನಾನು ಕೂಗ್ತೀನಿ, ಅವರು ಎಲೆ ಅಡಿಕೆ ಹಾಕಿಕೊಂಡು ಕೇಳಿಸಿಕೊಳ್ತಾರೆ, ಎಲ್ಲ ಮುಗಿದ ಮೇಲೆ "ಆಯ್ತಾ? ಕಾಫಿ ಇಕ್ಕು" ಅಂತಾರೆ. ನಮ್ಮ ಸಂಸಾರ ನಡೆದಿರೋದೇ ಹೀಗೆ.

ಹೋದ ಬೇಸಿಗೆಯಲ್ಲಿ ನನ್ನ ಫೋನಿಗೆ ಒಂದು ವಿಡಿಯೋ ಬಂತು. ಚೆಂದವಾಗಿ ಸೀರೆ ಉಟ್ಟ ಒಬ್ಬ ಹೆಂಗಸು, ಖಾಲಿ ಕೋಣೆಯಲ್ಲಿ ನಿಂತು, ಮನೆಯನ್ನು ಹಗುರ ಮಾಡಿಕೊಳ್ಳೋದು ಹೇಗೆ ಅಂತ ಹೇಳ್ತಿದ್ದಳು. ಒಂದು ವರ್ಷ ನೀವು ಕೈಯಲ್ಲಿ ಮುಟ್ಟದ ಸಾಮಾನು ನಿಮಗೆ ಬೇಡದ ಸಾಮಾನು, ಯೋಚನೆ ಮಾಡದೆ ಆಚೆ ಕಳಿಸಿ ಅಂದಳು. ನನಗೆ ಆ ಮಾತು ಬಹಳ ಹಿಡಿಸಿತು. ಯಜಮಾನರಿಗೆ ತೋರಿಸಿದರೆ, "ಹಂಗಾದ್ರೆ ಮೊದ್ಲು ಕಾಯಿ ಆಚೆ ಹಾಕು. ಅಟ್ಟಕ್ಕೆ ಹಾಕಿದ ಮೇಲೆ ಒಂದು ವರ್ಷ ಯಾವಳು ಮುಟ್ತಾಳೆ?" ಅಂದರು.

ಅವರು ಹೇಳಿದ್ದೇನೂ ಸುಳ್ಳಲ್ಲ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡೋದೇ ಕಾಯಿಯನ್ನು ಮುಟ್ಟದೆ. ಬಲಿತ ಕಾಯಿ ಅಟ್ಟದ ಮೇಲೆ ಹರಡಿ ಮರೆತುಬಿಡಬೇಕು. ಒಳಗಿನ ನೀರು ತಾನಾಗಿ ಇಂಗುತ್ತೆ, ಕೊಬ್ಬರಿ ಚಿಪ್ಪು ಬಿಟ್ಟುಕೊಳ್ಳುತ್ತೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಗುಡುಗುಡು ಅಂದರೆ ಆಗಿದೆ ಅಂತ ಅರ್ಥ. ಅನ್ನದಿದ್ದರೆ ಇನ್ನೊಂದು ತಿಂಗಳು ಇರಲಿ ಅಂತ ಮತ್ತೆ ಮೇಲಕ್ಕೆ. ನಮ್ಮ ಕಡೆಯ ಮಕ್ಕಳೂ ಕೈಗೆ ಕಾಯಿ ಕೊಟ್ಟರೆ ಮೊದಲು ಅಲ್ಲಾಡಿಸಿ ನೋಡ್ತವೆ. ಇದನ್ನು ಜ್ಞಾಪಕ ಇಟ್ಟುಕೊಳ್ಳಿ, ನಾನು ಮಾಡಿದ ಅನಾಹುತಕ್ಕೆ ಇದೇ ಕಾರಣ.

ಹಳೇ ಕಾಯಿ ಇಳಿಸಿ ಹೊಸ ಕಾಯಿ ಏರಿಸೋ ನಡುವೆ ಐದಾರು ದಿನ ಮಾತ್ರ ನಮ್ಮ ಅಟ್ಟ ಖಾಲಿ ಇರುತ್ತೆ. ಖಾಲಿ ಅಂದರೆ ಮುಕ್ಕಾಲು ಪಾಲು ಖಾಲಿ. ಉಳಿದ ಕಾಲು ಪಾಲು ಅತ್ತೆಯ ಸಾಮ್ರಾಜ್ಯ. ಅವರು ಈ ಮನೆಗೆ ಬಂದಾಗಿನಿಂದ ಒಡೆದದ್ದು, ಮುರಿದದ್ದು, ತೂತಾದದ್ದು ಯಾವುದೂ ಮನೆ ಬಿಟ್ಟು ಹೋಗಿಲ್ಲ, ಎಲ್ಲಾ ಏಣಿ ಹತ್ತಿ ಮೇಲೆ ಹೋಗಿದೆ. ಅದರಿಂದಾಗಿ ಹಿಂದಿನ ವರ್ಷ ಒಂದು ಗಾಡಿ ಕಾಯಿ ಜಾಗ ಸಾಲದೆ ಅಂಗಳದಲ್ಲೇ ಮಳೆಗೆ ನೆನೆದು ಹಾಳಾಯಿತು. ಈ ಸಲ ಅಟ್ಟ ಪೂರ್ತಿ ಬರಿದು ಮಾಡಿಯೇ ಹೊಸ ಕಾಯಿ ಏರಿಸೋದು ಅಂತ ನಾನು ಹಟ ಹಿಡಿದೆ.

ಅತ್ತೆ ಒಂದು ಕರಾರಿನ ಮೇಲೆ ಒಪ್ಪಿದರು. ಅವರು ಏಣಿಯ ಕೆಳಗೆ ಕುರ್ಚಿ ಹಾಕಿಕೊಂಡು ಕೂರೋದು, ನಾನು ಮೇಲಿಂದ ಒಂದೊಂದೇ ಸಾಮಾನು ತೋರಿಸೋದು, ಅವರು "ಹೋಗ್ಲಿ" ಅಂದರೆ ಮಾತ್ರ ಗುಜರಿ ಚೀಲಕ್ಕೆ ಹಾಕೋದು. ಅಂಗಳದಲ್ಲಿ ಅದೇ ಹೊತ್ತಿಗೆ ಕಾಯಿ ಸುಲಿಯೋ ಗಂಡ ಹೆಂಡತಿ ಇಳಿಸಿದ ಕಾಯಿಗಳ ಮಟ್ಟೆ ಸುಲಿದು ನಡುಮನೆ ಬಾಗಿಲ ಹತ್ತಿರ ರಾಶಿ ಹಾಕ್ತಿದ್ದರು. ಮಾರನೇ ದಿನ ಅವರೇ ಚಿಪ್ಪು ಒಡೆದು ಕೊಬ್ಬರಿ ತೆಗೆಯೋದು, ಅದರ ಮಾರನೇ ದಿನ ಕೊಬ್ಬರಿ ತಿಪಟೂರಿಗೆ ಹೋಗೋದು ಅಂತ ಗೊತ್ತಾಗಿತ್ತು.

ನಾನು ಮೊದಲು ತೋರಿಸಿದ್ದು ಹಿಡಿ ಇಲ್ಲದ ಟಿಫನ್ ಕ್ಯಾರಿಯರ್.

"ಇರ್ಲಿ ಬುಡು. ಮೇಲಿನ ಡಬ್ಬಿ ಚೆನ್ನಾಗೈತೆ."

ಆಮೇಲೆ ಬಟ್ಟೆ ಹೋದ ಕೊಡೆಯ ಕಡ್ಡಿಗಳು.

"ಇರ್ಲಿ. ಅವರೆ ಬಳ್ಳಿ ಹಬ್ಬಿಸೋಕೆ ಆಗುತ್ತೆ."

"ಈ ಬಕೆಟ್ಟಿಗೆ ತಳಾನೇ ಇಲ್ಲ ಅತ್ತೆ."

"ಗಿಡದ ಸುತ್ತ ಇಕ್ಕಿದ್ರೆ ಮೇಕೆ ತಿನ್ನಲ್ಲ."

ಮಾವನವರ ರೇಡಿಯೋ ಸಿಕ್ಕಿತು. ಹಿಂದಿನ ಮುಚ್ಚಳ ಇಲ್ಲ, ಒಳಗೆ ಇಲಿ ಮರಿ ಹಾಕಿ ಹೋದ ಗುರುತಿತ್ತು. ಇದು ಹಾಡಲ್ಲ ಅಂದೆ. "ಹಾಡು ಕೇಳೋಕೆ ಅಂತ ಯಾರು ಇಕ್ಕವ್ರೆ?" ಅಂದರು ಅತ್ತೆ. ಮಧ್ಯಾಹ್ನದ ಹೊತ್ತಿಗೆ ಗುಜರಿ ಚೀಲದಲ್ಲಿ ಇದ್ದದ್ದು ಒಂದು ಸವೆದ ಹವಾಯಿ ಚಪ್ಪಲಿ. ಅದೂ ಒಂದೇ ಕಾಲಿಂದು. ಇನ್ನೊಂದು ಸಿಕ್ಕಿದ್ದರೆ ಅದಕ್ಕೂ ಇರ್ಲಿ ಅಂತಿದ್ದರೇನೋ.

ನನ್ನ ತಲೆ ಕಾದಿತ್ತು. ಅಟ್ಟದ ಸೆಕೆ ಬೇರೆ, ತಲೆ ತುಂಬ ಇಲ್ಲಣ, ಮೂಗಲ್ಲಿ ಮಸಿ. ಏಣಿಯ ಮೇಲಿಂದಲೇ ಒಂದು ಸುತ್ತು ಕೂಗಾಡಿದೆ. ಸುಲಿಯೋ ಹೆಂಗಸು ಕೆಲಸ ನಿಲ್ಲಿಸಿ ಗಂಡನ ಮುಖ ನೋಡಿದಳು. ಅತ್ತೆ ಪೂರ್ತಿ ಕೇಳಿಸಿಕೊಂಡು, "ಆಯ್ತಾ?" ಅಂದು ಕುರ್ಚಿಯಿಂದ ಎದ್ದರು. ಎದುರು ಮನೆಯಲ್ಲಿ ಮಗುವಿಗೆ ಹೆಸರಿಡೋ ಶಾಸ್ತ್ರ, ಊಟಕ್ಕೆ ಹೇಳಿದ್ದರು. ಹೋಗೋವಾಗ ತಿರುಗಿ, "ಆ ಗೋಡೆ ಮೂಲೆಗೆ ಮಾತ್ರ ಕೈ ಹಾಕ್ಬೇಡ ಕಣೇ. ನಾನು ಬಂದ್ಮೇಲೆ ನಿಂತು ನೋಡ್ತೀನಿ" ಅಂದರು.

ಅವರು ಆ ಕಡೆ ಹೋದದ್ದೇ ತಡ, ನಾನು ಈ ಕಡೆ ಕಚ್ಚೆ ಕಟ್ಟಿ ನಿಂತೆ. ಟಿಫನ್ ಕ್ಯಾರಿಯರ್, ಕೊಡೆ ಕಡ್ಡಿ, ತಳವಿಲ್ಲದ ಬಕೆಟ್ಟು ಎಲ್ಲಾ ಚೀಲಕ್ಕೆ ಹೋದವು. ರೇಡಿಯೋ ಮಾತ್ರ ಹಾಕೋಕೆ ಮನಸ್ಸು ಬರಲಿಲ್ಲ, ಪಕ್ಕಕ್ಕಿಟ್ಟೆ. ಅರ್ಧ ಗಂಟೆಯಲ್ಲಿ ಗೋಡೆ ಮೂಲೆಗೂ ಬಂದೆ. ಕೈ ಹಾಕಬೇಡ ಅಂದದ್ದು ಜ್ಞಾಪಕ ಇತ್ತು, ಸುಳ್ಳು ಯಾಕೆ ಹೇಳಲಿ. ಅಲ್ಲೂ ಇನ್ನೊಂದು ತಳವಿಲ್ಲದ ಬಕೆಟ್ಟು ಇರುತ್ತೆ, ಅದನ್ನ ಉಳಿಸಿಕೊಳ್ಳೋಕೆ ಹೂಡಿದ ಉಪಾಯ ಅಂದುಕೊಂಡೆ.

ಮೂಲೆಯಲ್ಲಿ ಇದ್ದದ್ದು ಒಂದು ಬಟ್ಟೆಯ ಗಂಟು ಅಷ್ಟೇ. ತೊಲೆಗೆ ಹೊಡೆದ ಮೊಳೆಗೆ ನೇತು ಹಾಕಿದ್ದರು. ಮಸಿ ಹಿಡಿದು ಯಾವ ಬಣ್ಣದ ಬಟ್ಟೆ ಅಂತಲೇ ತಿಳೀತಿರಲಿಲ್ಲ. ಎಳೆದೆ. ಬಟ್ಟೆ ಹಳೇದಾಗಿ ಲಡ್ಡಾಗಿತ್ತೋ ಏನೋ, ಗಂಟು ಸಡಿಲಾಗಿ ಒಳಗಿಂದ ಒಂದು ಸುಲಿದ ಕಾಯಿ ಉರುಳಿ ಕೈಗೆ ಬಂತು. ಕೈಗೆ ಕಾಯಿ ಬಂದರೆ ನಮ್ಮ ಕಡೆ ಏನು ಮಾಡ್ತೀವಿ? ಅಲ್ಲಾಡಿಸಿದೆ. ಗುಡುಗುಡು ಅಂತು. ಆಗಿದೆ ಅಂದುಕೊಂಡು ಕೆಳಗಿನ ರಾಶಿಗೆ ಎಸೆದೆ. ಅದು ಉರುಳಿಕೊಂಡು ಹೋಗಿ ಉಳಿದವುಗಳ ಜೊತೆ ಸೇರಿಕೊಂಡಿತು, ಸುಲಿಯೋರು ಅದರ ಮೇಲೆ ಇನ್ನೆರಡು ಮಂಕರಿ ಸುರಿದರು. ನಾನು ಆ ಬಟ್ಟೆಯಲ್ಲಿ ಮುಖ ಒರೆಸಿಕೊಂಡೆ.

ಅತ್ತೆ ಬಾಯಿ ಕೆಂಪಗೆ ಮಾಡಿಕೊಂಡು ವಾಪಸ್ ಬಂದಾಗ ನಾನು ಜಗಲಿ ಮೇಲೆ ಕೂತು ಅದೇ ಬಟ್ಟೆಯಲ್ಲಿ ಕತ್ತು ಒರೆಸಿಕೊಳ್ತಿದ್ದೆ. ಅವರು ನನ್ನ ಮುಖ ನೋಡಲಿಲ್ಲ, ಬಟ್ಟೆ ನೋಡಿದರು. ಬೆವರು ತಾಗಿದ ಕಡೆ ಮಸಿ ಬಿಟ್ಟು ಅರಿಶಿನದ ಬಣ್ಣ ಕಾಣಿಸ್ತಿತ್ತು.

"ಅದರೊಳಗಿದ್ದ ಕಾಯಿ ಎಲ್ಲೇ?"

ನಾನು ರಾಶಿ ಕಡೆ ಕೈ ತೋರಿಸಿದೆ. ಸಾವಿರಕ್ಕೂ ಮಿಕ್ಕಿದ ಕಾಯಿ, ಎಲ್ಲವೂ ಸುಲಿದದ್ದು, ಎಲ್ಲವೂ ಕಂದು ಬಣ್ಣದ್ದು. ಅತ್ತೆ ಅಲ್ಲೇ ಕಂಬ ಹಿಡಿದು ಕೂತರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಅದು ಮುಡಿಪು ಕಣೇ" ಅಂದರು, ಅಷ್ಟೇ.

ಮುಡಿಪು ಅಂದರೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ದೇವರಲ್ಲಿ ಏನೋ ಒಂದನ್ನು ಕೇಳಿಕೊಂಡು, ಅರಿಶಿನದ ಬಟ್ಟೆಯಲ್ಲಿ ಕಾಯಿ ಕಟ್ಟಿ ಎತ್ತಿಡೋದು. ಕೇಳಿದ್ದು ಆದ ದಿನ ಅದನ್ನು ಗುಡಿಗೆ ಒಯ್ದು ಒಪ್ಪಿಸೋದು. ಒಪ್ಪಿಸೋ ತನಕ ಅದು ದೇವರ ಕಾಯಿ, ಮನೆಯವರು ಮುಟ್ಟೋ ಹಾಗಿಲ್ಲ. ಅಂಥ ಕಾಯಿಯನ್ನು ನಾನು ಮಾರೋ ಕಾಯಿಗೆ ಬೆರೆಸಿದ್ದೆ. ನಾಳೆ ಚಿಪ್ಪು ಒಡೆದರೆ ಆಯಿತು, ಎಲ್ಲ ಕೊಬ್ಬರಿಯೂ ಒಂದೇ.

ಯಾವ ದೇವರಿಗೆ ಅಂತ ಕೇಳಿದೆ. ಹಂದನಕೆರೆ ಕಡೆ ನಮ್ಮ ಮನೆದೇವರ ಗುಡಿ ಇದೆ, ಅಲ್ಲಿಗೆ ಅಂದರು. ಏನು ಕೇಳಿಕೊಂಡಿದ್ದಿರಿ ಅಂತ ಕೇಳಿದೆ. ಅವರು ನನ್ನ ಕೈಯಿಂದ ಬಟ್ಟೆ ತಗೊಂಡು ಮಡಚೋಕೆ ಶುರು ಮಾಡಿದರು. ಯಜಮಾನರು ತೋಟದಿಂದ ಬಂದು ವಿಷಯ ಕೇಳಿ, "ಅದೇ ಬಟ್ಟೇಲಿ ಇನ್ನೊಂದು ಕಾಯಿ ಕಟ್ಟಿದ್ರಾಯ್ತು ಬುಡವ್ವ, ದೇವರಿಗೇನು ಗೊತ್ತಾಗುತ್ತೆ?" ಅಂದರು. ನಿಜ ಹೇಳಬೇಕಂದರೆ ನನಗೂ ಅದೇ ಬುದ್ಧಿ ಬಂದಿತ್ತು, ಹೇಳೋಕೆ ಧೈರ್ಯ ಇರಲಿಲ್ಲ ಅಷ್ಟೇ.

"ದೇವರಿಗೆ ಗೊತ್ತಾಗ್ದೇ ಇರಬೋದು ಕಣಪ್ಪ. ನಂಗೆ ಗೊತ್ತಾಗುತ್ತಲ್ಲ" ಅಂದರು ಅತ್ತೆ. ಆಮೇಲೆ ಇನ್ನೊಂದು ಮಾತು ಸೇರಿಸಿದರು. ಆ ಕಾಯಿ ಸಿಗೋ ತನಕ ಊಟ ಮಾಡಲ್ಲ.

ಬಿಪಿ ಮಾತ್ರೆ ನುಂಗೋ ಜೀವ. ಆ ರಾತ್ರಿ ಬರೀ ಹಾಲು ಕುಡಿದು ಮಲಗಿದರು. ಬೆಳಗಾಗೋದೇ ತಡ, ಸುಲಿಯೋ ಗಂಡ ಹೆಂಡತಿಗೆ ಇವತ್ತು ಬರಬೇಡಿ ಅಂತ ಹೇಳಿ ಕಳಿಸಿದೆ. ರಾಶಿಯ ಒಂದು ಕಡೆ ಅತ್ತೆಗೆ ಮಣೆ ಹಾಕಿದೆ, ಇನ್ನೊಂದು ಕಡೆ ನಾನು ಕೂತೆ. ಹಚ್ಚಿದ್ದ ಕುಂಕುಮ ಇಷ್ಟು ವರ್ಷಕ್ಕೆ ಉದುರಿರುತ್ತೆ, ಹಳೇ ಕಾಯಿಯಲ್ಲಿ ಕೊಬ್ಬರಿ ಒಣಗಿ ಒಣಗಿ ಸಣ್ಣದಾಗಿರುತ್ತೆ, ಸದ್ದು ಬೇರೆ ಬರುತ್ತೆ, ಒಂದೊಂದೇ ಅಲ್ಲಾಡಿಸಿ ಕೇಳೋದು ಬಿಟ್ಟು ಬೇರೆ ದಾರಿ ಇಲ್ಲ ಅಂದರು ಅತ್ತೆ. ನಿನ್ನೆ ಅಟ್ಟದ ಮೇಲೆ ನನಗೆ ಆ ಸದ್ದು ಬೇರೆ ಅಂತ ಅನ್ನಿಸಿರಲಿಲ್ಲ. ಅನ್ನಿಸೋಕೆ ನಾನು ಕೇಳಿಸಿಕೊಂಡಿದ್ದರೆ ತಾನೆ?

ಗುಡುಗುಡು. ಆ ಕಡೆಗೆ. ಗುಡುಗುಡು. ಆ ಕಡೆಗೆ. ಯಜಮಾನರು ಎರಡು ಸಲ ಬಂದು ನೋಡಿ, ಎರಡು ಸಲವೂ ಏನೋ ತಮಾಷೆ ಮಾಡೋಕೆ ಹೋಗಿ, ನನ್ನ ಮುಖ ನೋಡಿ ಸುಮ್ಮನೆ ಹೋದರು. ನಾನು ಅವರ ಮೇಲೂ ರೇಗಲಿಲ್ಲ. ಹಾಲು ಉಕ್ಕಿ ಒಲೆ ತುಂಬ ಆಯಿತು, ಅದಕ್ಕೂ ಕೂಗಲಿಲ್ಲ. ಎಂಬತ್ತು ದಾಟಿದ ಮುದುಕಿ ಹಸಿದ ಹೊಟ್ಟೆಯಲ್ಲಿ ಕಾಯಿ ಎತ್ತಿ ಕಿವಿಗೆ ಹಿಡಿಯೋದು ನೋಡ್ತಾ ಇನ್ಯಾರ ಮೇಲೆ ಕೂಗಲಿ?

ಹತ್ತೂವರೆ ಹೊತ್ತಿಗೆ ಮತ್ತೆ ಕೇಳಿದೆ. "ಏನು ಕೇಳಿಕೊಂಡಿದ್ರಿ ಅತ್ತೆ? ಹೇಳಬಾರದಾ?"

ಅವರು ಕೈಯಲ್ಲಿದ್ದ ಕಾಯಿ ಅಲ್ಲಾಡಿಸಿ, ಪಕ್ಕಕ್ಕೆ ಹಾಕಿ, ಇನ್ನೊಂದು ತಗೊಂಡರು. "ನೀನು ಬಂದ ವರ್ಷ ಕೊಬ್ಬರಿ ವ್ಯಾಪಾರದೋನಿಗೆ ಬೈದದ್ದು ಜ್ಞಾಪಕ ಐತಾ?"

ಇಲ್ಲದೆ ಏನು. ಮದುವೆಯಾಗಿ ಮೂರು ತಿಂಗಳು. ವ್ಯಾಪಾರದವನು ಬಂದು ಜಗಲಿ ಮೇಲೆ ಕೂತು ನಮ್ಮ ಕೊಬ್ಬರಿ ಆರಿಸ್ತಿದ್ದ. ಚಿನ್ನದಂಥ ಉಂಡೆಗಳನ್ನ ಎತ್ತಿ ಎತ್ತಿ ಇದು ಎರಡನೇ ದರ್ಜೆ, ಇದು ಮೂರನೇ ದರ್ಜೆ ಅಂತ ಬೇರೆ ರಾಶಿಗೆ ಎಸೀತಿದ್ದ. ಮಾವನವರು ಹೂಂ ಹೂಂ ಅಂತಿದ್ದರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿ ನೋಡಿ, ಕೊನೆಗೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಆಚೆ ಬಂದೆ. ಗಂಡಸರೆಲ್ಲ ಕೂತಿದ್ದ ಜಗಲಿಗೆ ಹೊಸ ಸೊಸೆ ಬರೋದೇ ತಪ್ಪು, ಬಂದು ಬೈದದ್ದು ಇನ್ನೂ ತಪ್ಪು. ಕಣ್ಣು ಕಾಣಲ್ವೇನ್ರಿ ಅಂತ ಶುರು ಮಾಡಿದವಳು ಅವನು ಬೈಕ್ ಹತ್ತೋ ತನಕ ನಿಲ್ಲಿಸಲಿಲ್ಲ. ಊರಲ್ಲಿ ಒಂದು ತಿಂಗಳು ಅದೇ ಮಾತು.

"ಅವತ್ತು ಸಾಯಂಕಾಲ ಕಟ್ಟಿದ್ದು" ಅಂದರು ಅತ್ತೆ. "ಈ ಹುಡುಗಿ ಕೋಪ ಇಳಿಸಪ್ಪ, ಇವಳ ಬಾಯಿ ತಣ್ಣಗೆ ಮಾಡಪ್ಪ, ಅವತ್ತು ಬಂದು ಕಾಯಿ ಒಪ್ಪಿಸ್ತೀನಿ ಅಂತ ಕೇಳ್ಕೊಂಡೆ. ಇಳೀಲೇ ಇಲ್ಲವಲ್ಲ ನಿನ್ನ ಕೋಪ. ಕಾಯಿ ಅಲ್ಲೇ ಉಳೀತು."

ನನಗೆ ನಗು ಬರಬೇಕಿತ್ತು. ಬರಲಿಲ್ಲ, ನೋವಾಯಿತು. ಆ ಮೂಲೆ ನಾವು ಮಲಗೋ ಕೋಣೆಯ ನೇರ ಮೇಲಿದೆ. ಮೂವತ್ತು ವರ್ಷ ನನ್ನ ತಲೆ ಮೇಲೇ ನನ್ನ ದೂರು ನೇತಾಡ್ತಿತ್ತು, ನಾನು ಅದರ ಕೆಳಗೆ ನಿದ್ದೆ ಮಾಡಿದ್ದೆ. ನಾನು ಕೂಗಿದಾಗೆಲ್ಲ ಅತ್ತೆ ಸುಮ್ಮನೆ ಇದ್ದದ್ದು ನನ್ನನ್ನು ಒಪ್ಪಿಕೊಂಡಿದ್ದಾರೆ ಅಂತ ತಿಳಿದಿದ್ದೆ. ದೇವರು ಯಾವಾಗ ನೋಡಿಕೊಳ್ತಾನೆ ಅಂತ ಕಾಯ್ತಿದ್ದರು ಅಂತ ಈಗ ಗೊತ್ತಾಯಿತು. ಬೇರೆ ದಿನ ಆಗಿದ್ದರೆ ಕಾಯಿ ರಾಶಿ ಒದ್ದು ಎದ್ದು ಹೋಗ್ತಿದ್ದೆ. ಅವತ್ತು ಇನ್ನೊಂದು ಕಾಯಿ ತಗೊಂಡು ಅಲ್ಲಾಡಿಸಿದೆ.

ಬಿಸಿಲು ಅಂಗಳಕ್ಕೆ ಪೂರ್ತಿ ಇಳಿದಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡು ಅಲ್ಲಾಡಿಸ್ತಿದ್ದರು, ಸದ್ದು ಸರಿಯಾಗಿ ಕೇಳಲಿ ಅಂತ. ಆಗ ನನ್ನ ಕೈಗೆ ಒಂದು ಕಾಯಿ ಬಂತು. ಎತ್ತಿದ ಕೂಡಲೇ ಹಗುರ ಅನ್ನಿಸಿತು. ಅಲ್ಲಾಡಿಸಿದರೆ ಗುಡುಗುಡು ಅನ್ನಲಿಲ್ಲ, ಸಣ್ಣಗೆ ಟಕಟಕ ಅಂತು, ಒಳಗೆ ಗೋಲಿ ಇದ್ದ ಹಾಗೆ. ಬಿಸಿಲಿಗೆ ತಿರುಗಿಸಿ ನೋಡಿದೆ. ಕಾಯಿಯ ಕಣ್ಣಿನ ಗುಳಿಯಲ್ಲಿ ಒಂದಿಷ್ಟು ಕುಂಕುಮ ಉಳಿದಿತ್ತು, ಪಕ್ಕದಲ್ಲಿ ವಿಭೂತಿಯ ಮೂರು ಗೆರೆ ಇನ್ನೂ ಮಾಸಿರಲಿಲ್ಲ.

ಅತ್ತೆ ಕಣ್ಣು ಬಿಟ್ಟಿರಲಿಲ್ಲ. ನೋಡಿ ಮುಗಿಸಿದ ಕಾಯಿಗಳ ರಾಶಿ ನನ್ನ ಮೊಣಕಾಲಿನ ಪಕ್ಕದಲ್ಲೇ ಇತ್ತು. ಅದಕ್ಕೆ ಎಸೆದಿದ್ದರೆ ಮುಗಿದು ಹೋಗ್ತಿತ್ತು. ನನ್ನ ಮೇಲಿನ ದೂರು ತಿಪಟೂರಿಗೆ ಹೋಗಿ, ಅಲ್ಲಿಂದ ಲಾರಿ ಹತ್ತಿ, ಯಾವುದೋ ಊರಲ್ಲಿ ಯಾರದೋ ಮದುವೆ ಮನೆಯ ಹೋಳಿಗೆಗೆ ಬೀಳ್ತಿತ್ತು. ನನ್ನ ಬಗ್ಗೆ ಹಾಗೆ ಕೇಳಿಕೊಂಡಿದ್ದಕ್ಕೆ ಅತ್ತೆಗೂ ಒಂದಿಷ್ಟು ಬುದ್ಧಿ ಬರಲಿ ಅಂತಲೂ ಅನ್ನಿಸಿತು. ಹೌದು, ಅನ್ನಿಸಿತು. ಆದರೆ ಅವರು ಕಣ್ಣು ಮುಚ್ಚಿಕೊಂಡೇ ಇನ್ನೊಂದು ಕಾಯಿ ಕಿವಿಗೆ ಹಿಡಿದರು. ನಿನ್ನೆ ಮಧ್ಯಾಹ್ನದಿಂದ ಆ ಹೊಟ್ಟೆಗೆ ಅನ್ನ ಬಿದ್ದಿರಲಿಲ್ಲ.

"ಅತ್ತೆ, ಇದಾ ನೋಡಿ" ಅಂದೆ.

ಅವರು ತಗೊಂಡು ಕಿವಿಗೆ ಹಿಡಿದು ಅಲ್ಲಾಡಿಸಿದರು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. ನಾನು ಒಳಗೆ ಹೋಗಿ ಮುದ್ದೆ ತೊಳಸಿದೆ. ಬಸ್ಸಾರು ಬಿಸಿ ಮಾಡಿ ಇಬ್ಬರೂ ಎದುರು ಬದುರು ಕೂತು ಉಂಡೆವು. ಎರಡನೇ ಮುದ್ದೆ ಮುರೀತಾ ಅತ್ತೆ ನನ್ನನ್ನೇ ನೋಡಿದರು. "ಬೆಳಿಗ್ಗೆಯಿಂದ ಒಂದ್ಸಲನೂ ಕೂಗ್ಲಿಲ್ಲ ನೀನು" ಅಂದರು. "ಬರೋ ಸೋಮವಾರ ಗುಡಿಗೆ ಹೋಗ್ಬರೋಣ."

ಹಾಗಾದರೆ ಹರಕೆ ಫಲಿಸಿತು ಅಂತ ಲೆಕ್ಕ. ನನ್ನ ಕೋಪ ಇಳಿದಿದೆ ಅಂತ ಅತ್ತೆ ತೀರ್ಮಾನ ಮಾಡಿದ್ದಾರೆ. ಇನ್ನು ಸೋಮವಾರದ ತನಕ ನಾನು ಅದನ್ನು ಕೆಡಿಸಬಾರದು, ಅಲ್ಲವಾ? ಐದು ದಿನ. ಆ ಐದು ದಿನದ ಕಷ್ಟ ನನಗೇ ಗೊತ್ತು. ಸೊಪ್ಪಿನವಳು ನಿನ್ನೆಯ ಸೊಪ್ಪಿಗೆ ನೀರು ಚಿಮುಕಿಸಿ ತಂದಳು, ನಕ್ಕೊಂಡು ತಗೊಂಡೆ. ಅವಳು ಗಾಬರಿಯಾಗಿ ಎರಡು ಕಟ್ಟು ಜಾಸ್ತಿ ಕೊಟ್ಟು ಹೋದಳು. ಯಜಮಾನರು ಕೆಸರು ಕಾಲಲ್ಲಿ ನಡುಮನೆ ತುಂಬ ಓಡಾಡಿದರು, ಬಟ್ಟೆ ತಗೊಂಡು ಒರೆಸಿದೆ. ಅವರು ಅವತ್ತು ಇಡೀ ದಿನ ಮನೆಯೊಳಗೆ ಬರಲಿಲ್ಲ.

ಅತ್ತೆ ಎಲ್ಲಾ ನೋಡ್ತಿದ್ದರು. ಎರಡನೇ ದಿನ ನನ್ನ ಹಣೆ ಮುಟ್ಟಿ ಜ್ವರ ಇದೆಯಾ ಅಂತ ನೋಡಿದರು. ಮೂರನೇ ದಿನ ಅಡುಗೆಮನೆಗೆ ಬಂದು ನನ್ನ ಕಪಾಟಿನ ಬಾಗಿಲು ತೆಗೆದರು. ಆ ಕಪಾಟಿನ ವಿಷಯ ಇದುವರೆಗೂ ಹೇಳಿಲ್ಲ, ಹೇಳೋ ಮನಸ್ಸಿರಲಿಲ್ಲ. ಐಸ್‌ಕ್ರೀಮ್ ಬಂದ ಡಬ್ಬಿ, ಸಿಹಿತಿಂಡಿ ಬಂದ ಡಬ್ಬಿ, ಬಟ್ಟೆ ಅಂಗಡಿಯ ಕೈಚೀಲ, ಎಣ್ಣೆ ಖಾಲಿಯಾದ ಕ್ಯಾನು, ಎಲ್ಲಾ ಒಂದರೊಳಗೊಂದು ತೂರಿಸಿ ಇಟ್ಟಿದ್ದೆ. ಮುಚ್ಚಳ ಇಲ್ಲದ ಡಬ್ಬಿಗಳು ಒಂದು ಕಡೆ, ಡಬ್ಬಿ ಇಲ್ಲದ ಮುಚ್ಚಳಗಳು ಇನ್ನೊಂದು ಕಡೆ. ಅತ್ತೆ ನೆಲದ ಮೇಲೆ ಕೂತು ಒಂದೊಂದೇ ಎತ್ತಿ ತೋರಿಸೋಕೆ ಶುರು ಮಾಡಿದರು.

"ಇದನ್ನ ಒಂದು ವರ್ಷದಲ್ಲಿ ಮುಟ್ಟಿದ್ಯಾ?"

"ಇರ್ಲಿ ಬಿಡಿ ಅತ್ತೆ. ಯಾರಿಗಾದ್ರೂ ಸಾರು ಕೊಟ್ಟು ಕಳಿಸೋಕೆ ಬೇಕಾಗುತ್ತೆ."

"ಇದು?"

"ಅದರ ಮುಚ್ಚಳ ಎಲ್ಲೋ ಇದೆ."

"ಹೋಗ್ಲಿ" ಅಂತ ಅವರೇ ಹೇಳಿ ಅವರೇ ಚೀಲಕ್ಕೆ ಹಾಕಿದರು. ನನ್ನ ಕಿವಿ ಬಿಸಿಯಾಯಿತು, ನಾಲಿಗೆ ತುದಿಗೆ ಏನೇನೋ ಬಂತು, ನುಂಗಿದೆ. ಅವರು ಇನ್ನೊಂದು ಡಬ್ಬಿ ಎತ್ತಿ, ಚೀಲದ ಮೇಲೆ ಹಿಡಿದು, ನನ್ನ ಮುಖ ನೋಡ್ತಾ ಕೂತರು. ಬೇಕಂತಲೇ ಮಾಡ್ತಿದ್ದಾರೆ ಅಂತ ಗೊತ್ತಾಯಿತು, ಯಾಕೆ ಅಂತ ಗೊತ್ತಾಗಲಿಲ್ಲ. ನಾನು ತುಟಿ ಬಿಚ್ಚಲಿಲ್ಲ. ಅವರು ನಿಟ್ಟುಸಿರು ಬಿಟ್ಟು ಡಬ್ಬಿ ಚೀಲಕ್ಕೆ ಹಾಕಿದರು. ಆಮೇಲೆ ಎದ್ದು ಹೋಗಿ ತಮ್ಮ ಕೊಡೆ ಕಡ್ಡಿ, ಟಿಫನ್ ಕ್ಯಾರಿಯರ್, ಬಕೆಟ್ಟು ಇದ್ದ ಚೀಲವನ್ನೂ ತಾವೇ ಎಳೆದು ತಂದು ಬಾಗಿಲಲ್ಲಿಟ್ಟರು. ಗುಜರಿಯವನು ಶನಿವಾರ ಬಂದು ಎಲ್ಲಾ ತಗೊಂಡು ಹೋದ. ಅಟ್ಟ ಬರಿದಾಯಿತು. ರೇಡಿಯೋ ಮಾತ್ರ ಒರೆಸಿ ದೇವರ ಮನೆ ಪಕ್ಕದ ಗೂಡಿನಲ್ಲಿಟ್ಟೆವು, ಅದರ ಬಗ್ಗೆ ಇಬ್ಬರಿಗೂ ಜಗಳ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಅತ್ತೆ ಹೊಸದಾಗಿ ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಕಾಯಿ ಕಟ್ಟಿಕೊಂಡರು. ತಿಪಟೂರಿಗೆ ಹೋಗಿ ಹಂದನಕೆರೆ ಕಡೆ ಬಸ್ಸು ಹಿಡಿದೆವು. ಗುಡಿಯಲ್ಲಿ ಜನ ಇರಲಿಲ್ಲ. ಪೂಜಾರಪ್ಪ ಗಂಟು ಬಿಚ್ಚಿ, ಕಾಯಿ ಅಲ್ಲಾಡಿಸಿ ನೋಡಿ, "ಬಹಳ ಹಳೇದು ಕಣವ್ವ ಇದು. ಏನು ಹರಕೆ?" ಅಂತ ಕೇಳಿದರು.

ಅತ್ತೆ ಅವರಿಗೆ ಹೇಳಲಿಲ್ಲ. ದೇವರ ಕಡೆ ತಿರುಗಿ ಕೈ ಮುಗಿದು, ನನಗೂ ಕೇಳೋ ಹಾಗೆ ಹೇಳಿದರು.

"ಇಪ್ಪತ್ತು ವರ್ಷ ಆ ವ್ಯಾಪಾರದೋನು ನಮ್ಮ ಜಗಲಿ ಮೇಲೆ ಕೂತು ನಮ್ಮ ಕೊಬ್ಬರಿ ಜರೀತಿದ್ದ ಕಣಪ್ಪ. ಪ್ರತಿ ಸಲನೂ ನಂಗೆ ಬಾಯಿಗೆ ಬರೋದು, ಪ್ರತಿ ಸಲನೂ ನುಂಗ್ತಿದ್ದೆ. ಇವಳು ಮೂರು ತಿಂಗಳಿಗೇ ಹೇಳ್ಬುಟ್ಲು. ಅವನು ಆಮೇಲೆ ನಮ್ಮ ಮನೇಲಿ ಆಟ ಆಡ್ಲಿಲ್ಲ. ನಾನು ಹೆದರ್ಕೊಂಡು ನಿನ್ನತ್ರ ತಪ್ಪು ಕೇಳ್ಬುಟ್ಟೆ. ಐದು ದಿನ ಇವಳು ಸುಮ್ಕಿದ್ಲು. ನಂಗೆ ಮನೇನೇ ಬಿಕೋ ಅಂತು, ಅನ್ನ ಸೇರ್ಲಿಲ್ಲ. ನಾನು ಕೇಳಿದ್ದು ನಂಗೆ ಬ್ಯಾಡ. ನಿನ್ನ ಕಾಯಿ ನೀನು ತಗೋ, ಇವಳು ಹೆಂಗಿದ್ಲೋ ಹಂಗೇ ಬುಟ್ಬುಡು."

ಪೂಜಾರಪ್ಪ ಕಾಯಿ ಹಿಡಿದುಕೊಂಡೇ ಅತ್ತೆ ಕಡೆ ತಿರುಗಿದರು. ಆಯಿತು ಅಂತ ಹೇಳೋಕೆ ಬರೋರನ್ನ ನೋಡಿದೀನಿ, ಆಗಲಿಲ್ಲ ಅಂತ ಅಳೋರನ್ನೂ ನೋಡಿದೀನಿ, ಬೇಡ ಅಂತ ಹೇಳೋಕೆ ಬಂದೋರು ನೀವೇ ಮೊದಲು ಅಂದರು. ಕಾಯಿ ಒಡೆದರು. ಒಳಗೆ ನಿಂಬೆಹಣ್ಣಿನ ಗಾತ್ರದ ಕೊಬ್ಬರಿ, ಕಂದು ಬಣ್ಣಕ್ಕೆ ತಿರುಗಿ ಕಲ್ಲಾಗಿತ್ತು. ಅದನ್ನು ದೇವರ ಮುಂದೆ ಇಟ್ಟರು. ನಾನು ಕಂಬಕ್ಕೆ ಮುಖ ಕೊಟ್ಟು ಅತ್ತುಬಿಟ್ಟೆ. ಅತ್ತೆ ನನ್ನ ಸೆರಗಲ್ಲೇ ನನ್ನ ಕಣ್ಣು ಒರೆಸಿ, "ಸಾಕು ನಡಿ, ಬಸ್ಸು ಹೊಂಟೋಗುತ್ತೆ" ಅಂದರು.

ವಾಪಸ್ ಬರೋವಾಗ ತಿಪಟೂರಿನಲ್ಲಿ ಬಸ್ಸಿಗೆ ಕಾಯ್ತಿದ್ದೆವು. ಕೈ ಅಡ್ಡ ಹಿಡಿದರೂ ನಮ್ಮ ಬಸ್ಸಿನವನು ನಿಲ್ದಾಣ ಬಿಟ್ಟು ಐವತ್ತು ಹೆಜ್ಜೆ ಮುಂದೆ ಹೋಗಿ ನಿಲ್ಲಿಸಿದ. ಅತ್ತೆ ಕೋಲೂರಿಕೊಂಡು ಬಿಸಿಲಲ್ಲಿ ನಡೀತಿದ್ದರೆ, ಕಂಡಕ್ಟರ್ ಬಾಗಿಲಲ್ಲಿ ನಿಂತು ಬೇಗ ಬಾ ಅಜ್ಜಿ, ಬೇಗ ಬಾ ಅಂತ ಚಪ್ಪಾಳೆ ತಟ್ಟಿದ. ಐದು ದಿನದ್ದು ನನ್ನೊಳಗೆ ಹಾಗೇ ಇತ್ತು. ಅತ್ತೆಯನ್ನು ಹತ್ತಿಸಿ ಕೂರಿಸಿದವಳೇ ಶುರು ಮಾಡಿದೆ. ನಿಮ್ಮವ್ವನ್ನೂ ಹಿಂಗೇ ಚಪ್ಪಾಳೆ ತಟ್ಟಿ ಕರೀತೀಯೇನಪ್ಪ ಅಂತ ಶುರುವಾದದ್ದು, ಡ್ರೈವರನ್ನೂ ಬಿಡದೆ, ಪಕ್ಕದಲ್ಲಿ ಕೂತು ನಕ್ಕ ಒಬ್ಬ ಗಂಡಸನ್ನೂ ಸೇರಿಸಿಕೊಂಡು, ಊರಾಚೆಯ ಪೆಟ್ರೋಲ್ ಬಂಕ್ ದಾಟೋ ತನಕ ನಡೀತು. ಕಂಡಕ್ಟರ್ ತಪ್ಪಾಯ್ತು ಕಣಮ್ಮ ಅಂತ ಎರಡು ಸಲ ಹೇಳಿದ.

ಉಸಿರು ತಗೊಳ್ಳೋಕೆ ನಿಲ್ಲಿಸಿ ಅತ್ತೆ ಪಕ್ಕದಲ್ಲಿ ಕೂತೆ. ಅವರು ಎಲೆ ಅಡಿಕೆ ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರ್ತಾ ಆರಾಮಾಗಿ ಕೂತಿದ್ದರು. ಆಯ್ತಾ ಅಂತಾರೆ ಅಂದುಕೊಂಡೆ. ಅವರು ಎಲೆ ಮಡಚಿ ಬಾಯಿಗೆ ಹಾಕಿಕೊಂಡು, ಮುಂದಿನ ಸೀಟಿನ ಕಡೆ ಗದ್ದ ತೋರಿಸಿದರು.

"ಆ ಡ್ರೈವರಿಗೆ ಪೂರ್ತಿ ಕೇಳಿಸಿಲ್ಲ ಕಣೇ. ಇನ್ನೊಂದ್ಸಲ ಹೇಳು."